ಇನ್ನೊಂದು ಬೂಸ್ಟರ್ ಬೇಕಾ?

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯ ಫೈಲಿನಲ್ಲಿ ನನ್ನ ಮೂರು ಕೋವಿಡ್ ಲಸಿಕೆಯ ಕಾಗದಗಳಿವೆ. ಮೊದಲನೆಯದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಜೋಪಾನ ಮಾಡಿದ್ದೆ. ಮೂರನೆಯದರ ಹಿಂದೆ ದಿನಸಿ ಪಟ್ಟಿ ಬರೆದಿದ್ದೇನೆ! ಮೊನ್ನೆ ಅಮ್ಮ "ಇನ್ನೊಂದು ಹಾಕಿಸ್ಕೋಬೇಕೇನೋ?" ಅಂತ ಕೇಳಿದಾಗ ಆ ಫೈಲು ಮತ್ತೆ ಹೊರಗೆ ಬಂತು.

"ಮೂರು ಸಲ ಚುಚ್ಚಿಸಿಕೊಂಡರೂ ಕೋವಿಡ್ ಬಂತಲ್ಲ, ಮತ್ತೆ ಯಾಕೆ?" ಹೀಗೆ ಗೊಣಗಿದವರಲ್ಲಿ ನಾನೂ ಒಬ್ಬ. ಆದರೆ ನಡೆಯುವುದೇ ಬೇರೆ. ಲಸಿಕೆ ಹಾಕಿಸಿದ ಎರಡು ವಾರಕ್ಕೆ ರಕ್ತದಲ್ಲಿ ಪ್ರತಿಕಾಯಗಳು, ಅಂದರೆ ವೈರಸ್ಸನ್ನು ತಡೆಯುವ ಪ್ರೋಟೀನುಗಳು, ಚೆನ್ನಾಗಿ ಏರುತ್ತವೆ. ಕೆಲವೇ ತಿಂಗಳಲ್ಲಿ ಇಳಿಯುತ್ತವೆ. ಆಗ ವೈರಸ್ ಮೂಗು, ಗಂಟಲಿಗೆ ಸುಲಭವಾಗಿ ನುಗ್ಗುತ್ತದೆ. ನೆಗಡಿ, ಜ್ವರ ಬರುತ್ತದೆ. ಆದರೆ ವೈರಸ್ಸನ್ನು ನೆನಪಿಟ್ಟುಕೊಂಡ ರೋಗನಿರೋಧಕ ಜೀವಕಣಗಳು ಮೈಯಲ್ಲಿ ತುಂಬ ಕಾಲ ಇರುತ್ತವೆ. ಕಾಯಿಲೆ ಶ್ವಾಸಕೋಶಕ್ಕೆ ಇಳಿಯುವ ಮೊದಲೇ ಅವು ಎಚ್ಚೆತ್ತುಕೊಳ್ಳುತ್ತವೆ. ಗಟ್ಟಿಮುಟ್ಟಾದವರಿಗೆ ಸಾಮಾನ್ಯವಾಗಿ ಇಷ್ಟು ಸಾಕು. ವಯಸ್ಸಾದವರಲ್ಲಿ ಈ ಕಣಗಳೂ ನಿಧಾನ. ತೊಂದರೆ ಅಲ್ಲೇ.

ವೈರಸ್ಸೂ ಸುಮ್ನೆ ಕೂತಿಲ್ಲ. 2021ರ ನವೆಂಬರ್‌ನಲ್ಲಿ ಓಮಿಕ್ರಾನ್ ಅನ್ನೋ ಹೊಸ ತಳಿ ಬಂತು. ಆಮೇಲೆ ಬಂದದ್ದೆಲ್ಲ ಹೆಚ್ಚುಕಡಿಮೆ ಅದರ ಮಕ್ಕಳು, ಮೊಮ್ಮಕ್ಕಳು. ಅದಕ್ಕೇ ಲಸಿಕೆಯನ್ನೂ ಬದಲಾಯಿಸುತ್ತಾ ಬಂದರು. 2023ರಲ್ಲಿ ಎಕ್ಸ್‌ಬಿಬಿ ತಳಿಗೆ, 2024ರಲ್ಲಿ ಜೆಎನ್.1 ತಳಿಗೆ ಹೊಂದುವ ಹಾಗೆ. ಹಾಕಿಸಿಕೊಳ್ಳುವವರು ಇದು ಯಾವ ವರ್ಷದ ಲಸಿಕೆ ಅಂತ ಒಮ್ಮೆ ಕೇಳಿಬಿಡಿ.

ಹಾಗಾದರೆ ಯಾರಿಗೆ ಬೇಕು? ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2023ರ ಮಾರ್ಚ್‌ನಲ್ಲೇ ಇದನ್ನು ವಿಂಗಡಿಸಿದರು. ವಯಸ್ಸಾದವರು, ಶುಗರ್ ಅಥವಾ ಹೃದಯದ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು, ಗರ್ಭಿಣಿಯರು, ರೋಗಿಗಳ ಜೊತೆ ಕೆಲಸ ಮಾಡುವವರು ಮೊದಲ ಸಾಲಿನಲ್ಲಿ. ವಯಸ್ಸಾದವರು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಹಾಕಿಸಿಕೊಳ್ಳಲಿ ಎಂದರು. ಆರೋಗ್ಯವಾಗಿರುವ ಉಳಿದವರು ಮೊದಲ ಬೂಸ್ಟರ್ ಆದಮೇಲೆ ಮತ್ತೆ ಮತ್ತೆ ಹಾಕಿಸಲೇಬೇಕು ಅನ್ನಲಿಲ್ಲ. ಹಾಕಿಸಿದರೆ ಅಪಾಯ ಅಂತಲ್ಲ, ಸಿಗುವ ಲಾಭ ಕಡಿಮೆ ಅಂತ.

ಅಡ್ಡಪರಿಣಾಮದ ಮಾತು ಮುಚ್ಚಿಡಬೇಕಾಗಿಲ್ಲ. ಎಂಆರ್‌ಎನ್‌ಎ ಅನ್ನೋ ಬಗೆಯ (ಫೈಜರ್, ಮಾಡರ್ನಾದಂಥ) ಲಸಿಕೆಯಿಂದ ಹೃದಯದ ಸ್ನಾಯು ಊದಿಕೊಂಡದ್ದುಂಟು. ಅಪರೂಪ, ಅದೂ ಹೆಚ್ಚಾಗಿ ಹದಿಹರೆಯದ, ಇಪ್ಪತ್ತರ ಆಸುಪಾಸಿನ ಹುಡುಗರಲ್ಲಿ. ಎಪ್ಪತ್ತು ದಾಟಿದವರು ಈ ಸುದ್ದಿ ಓದಿ ಹೆದರಿ ಲಸಿಕೆ ಬಿಡುವುದು ನನಗಂತೂ ತಲೆಕೆಳಗಾದ ಲೆಕ್ಕ ಅನಿಸುತ್ತದೆ.

ಈಚೆಗೆ ಕೋವಿಡ್ ಬಂದು ಹೋಗಿದ್ದರೆ ಅವಸರ ಬೇಡ. ಮೂರು ತಿಂಗಳು ಕಾಯಬಹುದು.

ನಮ್ಮ ಮನೆಯಲ್ಲಿ ಆದದ್ದು ಇಷ್ಟು. ಇಪ್ಪತ್ತನಾಲ್ಕರ ಮಗನಿಗೆ ಯಾವ ಕಾಯಿಲೆಯೂ ಇಲ್ಲ, ಅವನಿಗೆ ಬೇಡ ಅಂದೆವು. ನನ್ನ ಬಿಪಿ ನೋಡುವ ಡಾಕ್ಟರನ್ನು ನಾನು ಕೇಳಬೇಕು. ಅಮ್ಮನಿಗೆ ಎಪ್ಪತ್ತಾರು, ಜೊತೆಗೆ ಶುಗರ್. ಹಾಕಿಸೋಣ ಅಂದೆ. ಹೋದ ಸಲ ಎರಡು ದಿನ ಕೈ ಎತ್ತಲಾಗದೆ ಒದ್ದಾಡಿದ್ದು ಅವರಿಗೆ ಮರೆತಿಲ್ಲ.

"ಈ ಸಲ ಎಡಗೈಗೆ ಹಾಕಲಿ," ಅಂದರು. "ತಲೆ ಬಾಚ್ಕೊಳ್ಳೋಕೆ ಬಲಗೈ ಬೇಕು."

ನಮಸ್ಕಾರ.