ಶೋರೂಮ್ ಇಲ್ಲದಿದ್ದರೂ ಸರಿ, ಓಡಿಸಿ ನೋಡದೆ ಬೇಡ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಆಸ್ಟಿನ್, ಡಲ್ಲಾಸ್ ಕಡೆ, ನಮ್ಮ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ. 2013ರ ಸುಮಾರಿಗೆ ಅಲ್ಲಿ ಟೆಸ್ಲಾ ಎಂಬ ಎಲೆಕ್ಟ್ರಿಕ್ ಕಾರು ಕಂಪನಿಯ ಗ್ಯಾಲರಿಗೆ, ಅಂದರೆ ಕಾರನ್ನು ತೋರಿಸಲು ಮಾತ್ರ ಇಟ್ಟ ಮಳಿಗೆಗೆ, ಹೋದವರಿಗೆ ಒಂದು ವಿಚಿತ್ರ ಕಾದಿರುತ್ತಿತ್ತು. ಎಲೆಕ್ಟ್ರಿಕ್ ಕಾರು ಎದುರಿಗೇ ನಿಂತಿದೆ. ಬಾಗಿಲು ತೆಗೆದು ಕೂರಬಹುದು. ಆದರೆ ಬೆಲೆ ಎಷ್ಟು ಅಂತ ಕೇಳಿದರೆ ಅಲ್ಲಿನ ಸಿಬ್ಬಂದಿ ಹೇಳುವ ಹಾಗಿಲ್ಲ. ಒಂದು ರೌಂಡ್ ಓಡಿಸಿ ನೋಡಲಾ ಅಂದರೆ ಅದೂ ಇಲ್ಲ. ಕಾನೂನೇ ಹಾಗಿತ್ತು.

ಯಾಕೆ ಅಂತೀರಾ? ಅಮೆರಿಕದಲ್ಲಿ ಕಾರು ತಯಾರಿಸುವವರು ಬೇರೆ, ಮಾರುವ ಡೀಲರ್ ಬೇರೆ. ದೊಡ್ಡ ಕಂಪನಿಗಳು ಊರಿನ ಡೀಲರನ್ನು ತುಳಿಯಬಾರದು ಅಂತ ಕಳೆದ ಶತಮಾನದಲ್ಲೇ ಅನೇಕ ರಾಜ್ಯಗಳು ಕಾನೂನು ಮಾಡಿದ್ದವು. ಟೆಸ್ಲಾಗೆ ಡೀಲರುಗಳೇ ಇರಲಿಲ್ಲ. ನಾವೇ ನೇರವಾಗಿ ಗಿರಾಕಿಗೆ ಮಾರುತ್ತೇವೆ ಎಂದು ಹೊರಟಿತು. ಜಗಳ ರಾಜ್ಯ ರಾಜ್ಯಕ್ಕೂ ಹಬ್ಬಿತು. ನ್ಯೂ ಮೆಕ್ಸಿಕೋದಲ್ಲಿ ಅದು ಎಲ್ಲಿಗೆ ಮುಟ್ಟಿತು ಅಂದರೆ, 2021ರಲ್ಲಿ ಕಂಪನಿ ನಂಬೆ ಪ್ವೆಬ್ಲೊ ಎಂಬ ಮೂಲನಿವಾಸಿಗಳ ನೆಲಕ್ಕೆ ಹೋಗಿ, ಅಲ್ಲಿದ್ದ ಹಳೇ ಕ್ಯಾಸಿನೊ ಕಟ್ಟಡದಲ್ಲಿ ಮಳಿಗೆ ತೆರೆಯಿತು. ಆ ನೆಲಕ್ಕೆ ರಾಜ್ಯದ ಆ ಕಾನೂನು ತಟ್ಟುವುದಿಲ್ಲ.

ಕಂಪನಿಗೂ ಡೀಲರಿಗೂ ನಡೆದ ಈ ಜಗಳದಲ್ಲಿ ಯಾರು ಗೆದ್ದರು ಎಂಬುದು ನನಗೆ ಅಷ್ಟು ಮುಖ್ಯ ಅಲ್ಲ. ನಡುವೆ ಸಿಕ್ಕಿಕೊಂಡದ್ದು ಗಿರಾಕಿಯ ಟೆಸ್ಟ್ ಡ್ರೈವ್. ನನ್ನ ಚಿಂತೆ ಅದರದ್ದು.

2019ರ ಫೆಬ್ರವರಿ ಕೊನೆಯಲ್ಲಿ ಟೆಸ್ಲಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇನ್ನು ಮಾರಾಟವೆಲ್ಲ ಆನ್‌ಲೈನ್, ಹೆಚ್ಚಿನ ಮಳಿಗೆಗಳನ್ನು ಮುಚ್ಚುತ್ತೇವೆ ಎಂದಿತು. ಟೆಸ್ಟ್ ಡ್ರೈವ್ ಗತಿ? ಕೊಂಡುಕೊಳ್ಳಿ, 7 ದಿನದೊಳಗೆ ಅಥವಾ 1,000 ಮೈಲಿಯೊಳಗೆ ಇಷ್ಟವಾಗದಿದ್ದರೆ ವಾಪಸ್ ಕೊಡಿ, ಪೂರ್ತಿ ದುಡ್ಡು ಕೊಡುತ್ತೇವೆ ಎಂದಿತು. 1,000 ಮೈಲಿ ಅಂದರೆ ಸುಮಾರು 1,600 ಕಿಲೋಮೀಟರ್. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಮೊದಲು ಪೂರ್ತಿ ದುಡ್ಡು ಹೊಂದಿಸಬೇಕು. ಸಾಲ ಮಾಡಬೇಕು, ಇನ್ಶೂರೆನ್ಸ್ ಮಾಡಿಸಬೇಕು. ಎರಡು ವಾರ ಕಳೆಯುವುದರೊಳಗೆ ಕಂಪನಿಯೇ ಮಾತು ಬದಲಿಸಿತು. ಅನೇಕ ಮಳಿಗೆಗಳನ್ನು ಉಳಿಸಿಕೊಳ್ಳುತ್ತೇವೆ, ಅಲ್ಲಿ ಟೆಸ್ಟ್ ಡ್ರೈವ್ ಕೂಡ ಸಿಗುತ್ತದೆ ಎಂದಿತು. 7 ದಿನದ ವಾಪಸಾತಿಯೂ 2020ರ ಅಕ್ಟೋಬರ್‌ನಲ್ಲಿ ನಿಂತುಹೋಯಿತು.

ನಮ್ಮ ಬೆಂಗಳೂರಿನಲ್ಲೂ ಇಂಥದ್ದೇ ನಡೆದಿದೆ. ಕಾರಿನದ್ದಲ್ಲ, ಸ್ಕೂಟರಿನದ್ದು. 2021ರ ಜುಲೈನಲ್ಲಿ ಓಲಾ ಎಲೆಕ್ಟ್ರಿಕ್ 499 ರೂಪಾಯಿಗೆ ಆನ್‌ಲೈನ್ ಬುಕಿಂಗ್ ಶುರು ಮಾಡಿತು. ಸೆಪ್ಟೆಂಬರ್‌ನಲ್ಲಿ ಖರೀದಿಯೂ ಶುರುವಾಯಿತು. ಟೆಸ್ಟ್ ರೈಡ್ ಶುರುವಾದದ್ದು ನವೆಂಬರ್‌ನಲ್ಲಿ. ದುಡ್ಡು ಮೊದಲು, ಸವಾರಿ ಆಮೇಲೆ. ಮುಂದೆ ಅದೇ ಕಂಪನಿ ಊರೂರಲ್ಲೂ ಮಳಿಗೆ ತೆರೆಯಿತು. ಜನ ಚಪ್ಪಲಿಯನ್ನೂ ಹಾಕಿ ನಾಲ್ಕು ಹೆಜ್ಜೆ ನಡೆದು ನೋಡಿಯೇ ತೆಗೆದುಕೊಳ್ಳುತ್ತಾರೆ. ಗಾಡಿಯನ್ನು ಸುಮ್ನೆ ಫೋಟೊ ನೋಡಿ ತೆಗೆದುಕೊಳ್ಳುತ್ತಾರಾ?

ಹಾಗಂತ ಶೋರೂಮೇ ಬೇಕು ಎಂದು ನಾನು ಹೇಳುವುದಿಲ್ಲ. ನಿಜ ಹೇಳಬೇಕೆಂದರೆ, ಎಲೆಕ್ಟ್ರಿಕ್ ಕಾರಿನ ಟೆಸ್ಟ್ ಡ್ರೈವ್ ಶೋರೂಮಿನಿಂದ ಶುರುವಾಗಲೇಬಾರದು. ನಿಮ್ಮ ಮನೆ ಬಾಗಿಲಿನಿಂದ ಶುರುವಾಗಬೇಕು. ಯಾಕೆಂದರೆ ಪೆಟ್ರೋಲ್ ಕಾರಿಗೆ ಬಂಕ್ ಬೇರೆ ಕಡೆ ಇರುತ್ತದೆ. ಇದಕ್ಕೆ ಬಂಕ್ ನಿಮ್ಮ ಮನೆಯೇ.

ಕಾರನ್ನು ಮನೆಗೆ ತರಿಸಿಕೊಳ್ಳಿ. ಜೊತೆಗೆ ಪ್ಲಗ್ಗಿಗೆ ಹಾಕುವ ಚಾರ್ಜರ್ ಕೂಡ ತರಲು ಹೇಳಿ. ನೀವು ಗಾಡಿ ನಿಲ್ಲಿಸುವ ಜಾಗದಲ್ಲಿರುವ 15 ಆಂಪ್ ಸಾಕೆಟ್ಟಿಗೆ ಹಾಕಿ ಹತ್ತು ನಿಮಿಷ ನೋಡಿ. ಹಳೇ ಮನೆಗಳಲ್ಲಿ ಅರ್ಥಿಂಗ್ ಸರಿ ಇರುವುದಿಲ್ಲ. ಫ್ರಿಜ್ಜು, ಗ್ರೈಂಡರ್ ಅದನ್ನು ಸಹಿಸಿಕೊಂಡು ಓಡುತ್ತವೆ. ಕಾರಿನ ಚಾರ್ಜರ್ ಮಾತ್ರ ಸಾಮಾನ್ಯವಾಗಿ ಕೆಂಪು ದೀಪ ತೋರಿಸಿ ಚಾರ್ಜ್ ಮಾಡುವುದಿಲ್ಲ ಎಂದು ನಿಂತುಬಿಡುತ್ತದೆ. ಅಪಾರ್ಟ್‌ಮೆಂಟ್ ಆದರೆ ಬೇಸ್‌ಮೆಂಟಿನಲ್ಲಿ ನಿಮ್ಮ ಮೀಟರಿನಿಂದ ಲೈನ್ ಎಳೆಯಲು ಅಸೋಸಿಯೇಷನ್ ಒಪ್ಪುತ್ತದಾ, ಅದನ್ನು ಅವತ್ತೇ ಕೇಳಿ. ಇದೆಲ್ಲ ಎಷ್ಟೇ ದೊಡ್ಡ ಶೋರೂಮಿಗೆ ಹೋದರೂ ಗೊತ್ತಾಗುವುದಿಲ್ಲ.

ಇನ್ನು ಓಡಿಸುವ ವಿಷಯ. ಆಕ್ಸಿಲರೇಟರಿನಿಂದ ಕಾಲು ಎತ್ತಿದರೆ ಈ ಗಾಡಿಗಳು ಬ್ರೇಕ್ ಮುಟ್ಟದೆಯೇ ನಿಧಾನವಾಗುತ್ತವೆ. ಮೋಟಾರು ಆಗ ಜನರೇಟರಿನ ಕೆಲಸ ಮಾಡಿ ಬ್ಯಾಟರಿಗೆ ಕರೆಂಟ್ ತುಂಬುತ್ತದೆ. ಓಡಿಸುವವರಿಗೆ ಬೇಗ ಒಗ್ಗುತ್ತದೆ. ಹಿಂದೆ ಕೂತವರ ತಲೆ ಮಾತ್ರ ಪ್ರತಿ ಸಿಗ್ನಲ್ಲಿನಲ್ಲೂ ಮುಂದಕ್ಕೆ ಬಾಗುತ್ತದೆ. ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಅನೇಕ ಕಾರುಗಳಲ್ಲಿ ಇದನ್ನು ಕಮ್ಮಿ ಮಾಡಬಹುದು, ಹೇಗೆ ಅಂತ ಕೇಳಿ. ಇನ್ನೊಂದು ವಿಷಯ ಗಮನಿಸಿ. ಬ್ಯಾಟರಿ ಪೂರ್ತಿ ತುಂಬಿದ್ದರೆ ಕರೆಂಟ್ ವಾಪಸ್ ಹೋಗಲು ಜಾಗ ಇರುವುದಿಲ್ಲ, ಆಗ ಈ ಬ್ರೇಕಿನ ಗುಣ ತುಂಬ ಕಮ್ಮಿಯಾಗುತ್ತದೆ. ಹಾಗಾಗಿ 100 ಪರ್ಸೆಂಟ್ ಚಾರ್ಜ್ ಆದ ಗಾಡಿ ಕೊಟ್ಟರೆ ಅದರ ನಿಜವಾದ ನಡತೆ ಕಾಣುವುದಿಲ್ಲ. 70ರ ಆಸುಪಾಸಿನಲ್ಲಿ ತರಲು ಹೇಳಿ.

ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಅರ್ಧ ಗಂಟೆಯಾದರೂ. ಬ್ಯಾಟರಿ ನೆಲದಡಿಯಲ್ಲಿ ಇರುವುದರಿಂದ ಕೆಲವು ಕಾರುಗಳಲ್ಲಿ ಕಾಲಿಡುವ ಜಾಗ ಎತ್ತರವಾಗಿದೆ. ಮೊಣಕಾಲು ಮೇಲಕ್ಕೆ ಬರುತ್ತದೆ, ತೊಡೆಗೆ ಆಸರೆ ಸಿಗುವುದಿಲ್ಲ. ಮಂಡಿ ನೋವಿನವರಿಗೆ ಇದು ಸಣ್ಣ ವಿಷಯ ಅಲ್ಲ.

ರೇಂಜ್ ಎಷ್ಟು, ಅಂದರೆ ಒಂದು ಸಲ ಪೂರ್ತಿ ಚಾರ್ಜ್ ಮಾಡಿದರೆ ಎಷ್ಟು ದೂರ ಓಡುತ್ತದೆ, ಎಂದು ಸೇಲ್ಸ್‌ನವರನ್ನು ಕೇಳಬೇಡಿ, ನೀವೇ ಲೆಕ್ಕ ಹಾಕಿ. ಹೊರಡುವಾಗ ಎಷ್ಟು ಪರ್ಸೆಂಟ್ ಇತ್ತು, ಬಂದಾಗ ಎಷ್ಟಿದೆ, ನಡುವೆ ಎಷ್ಟು ಕಿಲೋಮೀಟರ್ ಓಡಿತು, ಬರೆದಿಟ್ಟುಕೊಳ್ಳಿ. 40 ಯೂನಿಟ್ (kWh) ಕರೆಂಟ್ ಹಿಡಿಯುವ ಬ್ಯಾಟರಿ ಅಂದುಕೊಳ್ಳಿ. 10 ಪರ್ಸೆಂಟ್ ಖರ್ಚಾದರೆ 4 ಯೂನಿಟ್. ಅದರಲ್ಲಿ 24 ಕಿಲೋಮೀಟರ್ ಓಡಿದ್ದರೆ ಯೂನಿಟ್ಟಿಗೆ 6 ಕಿಲೋಮೀಟರ್. ಪೂರ್ತಿ ಬ್ಯಾಟರಿಗೆ 240. ಎಸಿ ಹಾಕಿಕೊಂಡು, ಮನೆಯವರನ್ನೆಲ್ಲ ಕೂರಿಸಿಕೊಂಡು, ಸ್ವಲ್ಪ ದೂರ ಹೈವೇಯಲ್ಲೂ ಓಡಿಸಿ. ವೇಗ ಜಾಸ್ತಿಯಾದಷ್ಟೂ ಗಾಳಿಯ ತಡೆ ಜಾಸ್ತಿ, ಕರೆಂಟ್ ಬೇಗ ಇಳಿಯುತ್ತದೆ. ಹತ್ತು ನಿಮಿಷದ ರೌಂಡಿನಲ್ಲಿ ಇದು ಕಾಣುವುದಿಲ್ಲ. ಎರಡು ಗಂಟೆ ಕೇಳಿ. ಒಂದು ರಾತ್ರಿ ಬಿಟ್ಟು ಹೋಗಲು ಒಪ್ಪಿದರೆ ಇನ್ನೂ ಒಳ್ಳೆಯದು.

ಅಂಗಡಿ, ಡೀಲರ್, ಕಮಿಷನ್ ಯಾವುದೂ ಇಲ್ಲದೆ ಮಾರುವ ಕಂಪನಿಗೆ ಅಷ್ಟು ಖರ್ಚು ಉಳಿಯುತ್ತದೆ. ಅದರಲ್ಲಿ ನಾಲ್ಕು ಟೆಸ್ಟ್ ಕಾರುಗಳನ್ನು ಹುಬ್ಬಳ್ಳಿಗೆ, ಶಿವಮೊಗ್ಗಕ್ಕೆ, ಕಲಬುರಗಿಗೆ ಕಳಿಸಲಿ ಎಂದು ಕೇಳುವುದು ಅತಿ ಆಸೆ ಅಲ್ಲ. 2025ರ ಜುಲೈನಲ್ಲಿ ಟೆಸ್ಲಾ ಭಾರತಕ್ಕೆ ಬಂದಾಗ ಮೊದಲು ಮಳಿಗೆ ತೆರೆದದ್ದು ಮುಂಬೈಯಲ್ಲಿ, ಮುಂದಿನ ತಿಂಗಳು ದೆಹಲಿಯಲ್ಲಿ. ಆನ್‌ಲೈನ್ ಬುಕಿಂಗ್ ಯಾವ ಊರಲ್ಲಿ ಕೂತರೂ ಆಗುತ್ತದೆ. ಸ್ಟೀರಿಂಗ್ ಹಿಡಿಯಲು ಮಾತ್ರ ಗಾಡಿ ಇರುವ ಊರಿಗೇ ಹೋಗಬೇಕು.

ಕೀ ತೆಗೆದುಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಿ. ಟೆಸ್ಟ್ ಡ್ರೈವಿನಲ್ಲಿ ಗಾಡಿಗೆ ಏಟು ಬಿದ್ದರೆ ಖರ್ಚು ಯಾರದ್ದು? ಓಡಿಸಿ ನೋಡಿ ಬೇಡ ಅನ್ನಿಸಿದರೆ ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್ ಬರುತ್ತದೆ? ಎರಡಕ್ಕೂ ಉತ್ತರವನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ.

ನಮಸ್ಕಾರ.