ಕೋಟೆ ಬಿಡಿ, ಪೇಟೆ ನೋಡಿ

ಕೇಳುಗರಿಗೆ ನಮಸ್ಕಾರ. ಕೋಟೆ ನೋಡಲು ಹೋದವರು ಬುರುಜು ಎಣಿಸುತ್ತಾರೆ, ಫೋಟೋ ಹೊಡೆದುಕೊಂಡು ಬರುತ್ತಾರೆ. ಆ ಕೋಟೆಗೆ ಅಕ್ಕಿಬೇಳೆ ಹಾಕಿದವರು, ಚಪ್ಪಲಿ ಹೊಲಿದವರು ಎಲ್ಲಿದ್ದರು ಅಂತ ಯಾರೂ ಕೇಳುವುದಿಲ್ಲ. ಇವತ್ತು ದಯವಿಟ್ಟು ಕೋಟೆ ಬಿಡಿ, ಪಕ್ಕದ ಪೇಟೆ ನೋಡಿ.

ಸ್ಕಾಟ್ಲೆಂಡಿನ ದಕ್ಷಿಣ ಗಡಿ. ಟ್ವೀಡ್, ಟೀವಿಯಟ್ ಅಂತ ಎರಡು ಹೊಳೆ. ಅವು ಕೂಡುವ ಮುಂಚೆ ನಡುವೆ ನಾಲಿಗೆಯಂಥ ಒಂದು ನೆಲ ಉಳಿಯುತ್ತದೆ. ಅಲ್ಲೊಂದು ದಿಬ್ಬ, ದಿಬ್ಬದ ಮೇಲೆ ರಾಕ್ಸ್‌ಬರ ಕೋಟೆ. ಅದರಾಚೆ ಬಯಲಲ್ಲಿ ಪೇಟೆ. 12ನೇ ಶತಮಾನದಲ್ಲಿ ಆ ದೇಶದ ದೊಡ್ಡ ಪೇಟೆಗಳಲ್ಲಿ ಇದೂ ಒಂದು. ಚರ್ಚುಗಳಿದ್ದವು, ಶಾಲೆಯಿತ್ತು, ನಾಣ್ಯ ಹೊಡೆಯುವ ಟಂಕಸಾಲೆಯೂ ಇತ್ತು. ಸುತ್ತಲಿನ ಕುರಿಗಳ ಉಣ್ಣೆಯೇ ಅದರ ಬಂಡವಾಳ.

ಈಗ ಅಲ್ಲಿ ಬರೀ ಹುಲ್ಲು. ಕೋಟೆಯದಾದರೂ ನಾಲ್ಕು ಮುರುಕು ಗೋಡೆ ಉಂಟು, ಪೇಟೆಯದು ಒಂದು ಮನೆಯೂ ಇಲ್ಲ.

ಕಾರಣ ಗಡಿ. ಕೋಟೆ ಒಮ್ಮೆ ಇಂಗ್ಲಿಷರ ಪಾಲು, ಒಮ್ಮೆ ಸ್ಕಾಟರ ಪಾಲು. 1314ರ ಫೆಬ್ರವರಿಯ ಕಥೆ ಕೇಳಿ, ನನಗೆ ಬಲು ಇಷ್ಟ. ಕೋಟೆ ಆಗ ಇಂಗ್ಲಿಷರ ಕೈಯಲ್ಲಿ. ಮರುದಿನದಿಂದ ಕ್ರೈಸ್ತರ ಉಪವಾಸ ಶುರು, ಹಾಗಾಗಿ ಆ ರಾತ್ರಿ ಒಳಗೆ ಊಟ, ಹಾಡು, ಕುಣಿತ. ಹೊರಗೆ ಸ್ಕಾಟರ ನಾಯಕ ಜೇಮ್ಸ್ ಡಗ್ಲಸ್ ಮತ್ತು ಸುಮಾರು 60 ಜನ. ಕವಚದ ಮೇಲೆ ಕಪ್ಪು ಹೊದಿಕೆ ಹೊದ್ದು, ಮಂಡಿಯೂರಿ, ಅಂಬೆಗಾಲಲ್ಲಿ ಬರುತ್ತಿದ್ದಾರೆ. ಮುಸ್ಸಂಜೆಯ ಮಬ್ಬು. ಗೋಡೆ ಮೇಲಿನ ಕಾವಲುಗಾರ, 'ಪಾಪ, ಆ ರೈತ ಹಬ್ಬದ ಗುಂಗಿನಲ್ಲಿ ಎತ್ತುಗಳನ್ನು ಹೊರಗೇ ಬಿಟ್ಟಿದ್ದಾನೆ' ಅಂದನಂತೆ. ಇನ್ನೊಬ್ಬ, 'ಡಗ್ಲಸ್ ಹೊಡೆದುಕೊಂಡು ಹೋಗ್ತಾನೆ ನೋಡ್ತಿರು' ಅಂದನಂತೆ! ಆ 'ಎತ್ತು'ಗಳ ಹತ್ತಿರ ಹಗ್ಗದ ಏಣಿ, ಅದಕ್ಕೆ ಕಬ್ಬಿಣದ ಕೊಕ್ಕೆ. ಸರಸರ ಹತ್ತಿದರು. ಕುಣಿಯುತ್ತಿದ್ದವರಿಗೆ ಕತ್ತಿ ಹುಡುಕಲೂ ಪುರಸೊತ್ತು ಸಿಗಲಿಲ್ಲ.

ನೋಡಿ, ಪೇಟೆ ನೋಡಿ ಅಂದವನು ನಾನೇ ಕೋಟೆ ಹತ್ತಿ ಕೂತೆ. ಸಮಯ ಆಗಿಬಿಟ್ಟಿದೆ, ಬೇಗ ಮುಗಿಸುತ್ತೇನೆ.

1330ರ ದಶಕದಲ್ಲಿ ಇಂಗ್ಲಿಷರು ಮತ್ತೆ ಬಂದರು, 1342ರಲ್ಲಿ ಕೋಟೆ ಕಳೆದುಕೊಂಡರು, 1346ರಲ್ಲಿ ಮತ್ತೆ ಹಿಡಿದು ನೂರು ವರ್ಷಕ್ಕೂ ಜಾಸ್ತಿ ಕೂತರು. ಉಣ್ಣೆ ಸ್ಕಾಟರ ಕಡೆ, ಸಂತೆ ಇಂಗ್ಲಿಷರ ಕಡೆ. ವ್ಯಾಪಾರ ನಡೆಯೋದು ಹೇಗೆ? ಹೊಳೆಯಾಚೆಯ ಕೆಲ್ಸೋ ಊರು ಬೆಳೆಯಿತು, ಪೇಟೆ ಸೊರಗಿತು. 1460ರ ಆಗಸ್ಟಿನಲ್ಲಿ ಸ್ಕಾಟರ ದೊರೆ ಎರಡನೇ ಜೇಮ್ಸ್ ಕೋಟೆಗೆ ಫಿರಂಗಿ ಹೂಡಿಸಿದ. ಪಕ್ಕದಲ್ಲಿದ್ದ ಫಿರಂಗಿಯೇ ಸಿಡಿದು ಸತ್ತ. ಅವನ ಸೈನ್ಯ ಕೋಟೆ ಗೆದ್ದು ಕೆಡವಿಹಾಕಿತು. ಪುಸ್ತಕದವರೆಲ್ಲ ದೊರೆಯ ಸಾವನ್ನೇ ಬರೆಯುತ್ತಾರೆ. ಪೇಟೆ ಸತ್ತ ದಿನ ಯಾವುದು ಅಂತ ಕೇಳಿದರೆ ತಲೆ ಕೆರೆಯುತ್ತಾರೆ!

ಆದರೆ ಆ ಖಾಲಿ ಬಯಲಲ್ಲಿ ಪ್ರತಿ ವರ್ಷ ಸೇಂಟ್ ಜೇಮ್ಸ್ ಜಾತ್ರೆ ಮಾತ್ರ ಶತಮಾನಗಟ್ಟಲೆ ನಡೆಯಿತು. ಊರೇ ಇಲ್ಲದ ಊರಜಾತ್ರೆ! ಯಾರಾದರೂ ಹೋಗುವುದಾದರೆ ಒಂದು ಮಾತು. ನಕ್ಷೆಯಲ್ಲಿ ರಾಕ್ಸ್‌ಬರ ಅಂತ ಒಂದು ಹಳ್ಳಿ ಸಿಗುತ್ತದೆ. ಅದು ಬೇರೆ. ನಮ್ಮ ಪೇಟೆ ಅಲ್ಲಿಂದ ಮೂರು ಕಿಲೋಮೀಟರ್ ಆಚೆ, ಹುಲ್ಲಿನಡಿ ಇದೆ. ನಮಸ್ಕಾರ.