ಎಲೆ ಹಳದಿಯಾದರೆ ಮೊದಲು ಯಾವ ಎಲೆ ಅಂತ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಜುಲೈ ತಿಂಗಳು. ಮುಂಬಯಿ ಕಡೆಯ ಡೊಂಬಿವಲಿಯಲ್ಲೋ ಭಾಂಡೂಪಿನಲ್ಲೋ ಮೂರನೇ ಮಹಡಿಯ ಕಿಟಕಿ ಗ್ರಿಲ್ಲಿನಲ್ಲಿ ಒಂದು ಕರಿಬೇವಿನ ಗಿಡ. ರಜೆಗೆ ಊರಿಗೆ ಹೋದಾಗ ಬುಡದ ಮಣ್ಣಿನ ಸಮೇತ ಕಿತ್ತು ರೈಲಿನಲ್ಲಿ ಜೋಪಾನವಾಗಿ ತಂದದ್ದು. ಈಗ ಅದರ ಎಲೆ ಹಳದಿಯಾಗಿದೆ. ಹುಳಿ ಮಜ್ಜಿಗೆ ಹಾಕಿ ಅಂತ ಒಬ್ಬರು ಹೇಳುತ್ತಾರೆ, ತುಕ್ಕು ಹಿಡಿದ ಮೊಳೆ ಹುಗಿದಿಡಿ ಅಂತ ಇನ್ನೊಬ್ಬರು, ಚಹಾದ ಚರಟ ಹಾಕಿ ಅಂತ ಮತ್ತೊಬ್ಬರು. ಗಿಡದ ಮೇಲಿನ ಪ್ರೀತಿಗೆ ಮೂರನ್ನೂ ಒಂದೇ ವಾರದಲ್ಲಿ ಹಾಕಿಬಿಡುತ್ತೇವೆ. ಹದಿನೈದು ದಿನಕ್ಕೆ ಗಿಡ ಬೋಳು.

ಹಳದಿ ಅನ್ನುವುದು ಜ್ವರ ಇದ್ದ ಹಾಗೆ. ಕಾರಣ ಹತ್ತು ಇರಬಹುದು. ಆದ್ದರಿಂದ ಏನು ಹಾಕಲಿ ಅಂತ ಕೇಳುವ ಮೊದಲು ಮೂರು ಕಡೆ ನೋಡಬೇಕು: ಕೆಟ್ಟಿರುವುದು ಕೆಳಗಿನ ಹಳೆಯ ಎಲೆಯೋ ತುದಿಯ ಚಿಗುರೋ, ಎಲೆಯ ಹಿಂಬದಿಯಲ್ಲಿ ಏನಿದೆ, ಎರಡು ಅಂಗುಲ ಕೆಳಗೆ ಮಣ್ಣು ಹೇಗಿದೆ.

ಮಣ್ಣಿನಿಂದಲೇ ಶುರು ಮಾಡೋಣ. ಮುಂಬಯಿಯಲ್ಲಿ ಮಳೆಗಾಲದ ನಾಲ್ಕು ತಿಂಗಳಲ್ಲೇ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಗಾಳಿಯೂ ಒದ್ದೆ, ಮಣ್ಣು ಆರುವುದೇ ಇಲ್ಲ. ಆದರೂ ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಹಾಕುವ ಅಭ್ಯಾಸ ಕೈಗೆ ಅಂಟಿರುತ್ತದೆ. ಎರಡು ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿನೊಳಗೆ ಇಳಿಸಿ. ಮಣ್ಣು ತಣ್ಣಗೆ ಬೆರಳಿಗೆ ಮೆತ್ತಿಕೊಂಡರೆ ಅವತ್ತು ನೀರು ಬೇಡ. ಎಲೆ ಜೋತುಬಿದ್ದಿದೆ, ಮಣ್ಣು ಮಾತ್ರ ಒದ್ದೆಯಾಗಿದೆ ಅಂದರೆ ಅದು ಬಾಯಾರಿಕೆಯಲ್ಲ, ಬೇರು ಉಸಿರು ಕಟ್ಟಿ ಒದ್ದಾಡುತ್ತಿದೆ. ಈ ಎರಡಕ್ಕೂ ಎಲೆ ಜೋಲುವ ರೀತಿ ಒಂದೇ ಥರ. ಅದಕ್ಕೇ ಎಲೆ ನೋಡಿ ನೀರು ಹಾಕುವವರು ಮೋಸಹೋಗುತ್ತಾರೆ.

ಅನುಮಾನ ಬಂದರೆ ಕುಂಡವನ್ನು ಓರೆ ಮಾಡಿ, ಬದಿಗೆ ನಾಲ್ಕು ಸಲ ತಟ್ಟಿ, ಗಿಡವನ್ನು ಮಣ್ಣಿನ ಉಂಡೆಯ ಸಮೇತ ಹೊರಗೆ ಜಾರಿಸಿ. ಹೆದರಬೇಡಿ, ಇದರಿಂದ ಗಿಡ ಸಾಯುವುದಿಲ್ಲ. ಒಳ್ಳೆಯ ಬೇರು ಬಿಳಿ ಅಥವಾ ಕೆನೆ ಬಣ್ಣಕ್ಕಿದ್ದು ಗಟ್ಟಿಯಾಗಿರುತ್ತದೆ. ಕೊಳೆತ ಬೇರು ಕಂದು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಳಚಿ ಬಂದು ಒಳಗೆ ನೂಲಿನಂಥ ಎಳೆ ಮಾತ್ರ ಉಳಿಯುತ್ತದೆ. ಚರಂಡಿಯ ವಾಸನೆಯೂ ಬರುತ್ತದೆ. ಅಂಥ ಬೇರನ್ನೆಲ್ಲ ಕತ್ತರಿಯಿಂದ ತೆಗೆದು, ಮೇಲಿನ ಎಲೆಯನ್ನೂ ಮೂರರಲ್ಲಿ ಒಂದು ಭಾಗ ಸವರಿ, ಹೊಸ ಮಣ್ಣಿಗೆ ನೆಡಿ. ಎರಡು ಪಾಲು ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಕೋಕೋಪೀಟ್ ಅಂದರೆ ತೆಂಗಿನ ನಾರಿನ ಪುಡಿ, ಒಂದು ಪಾಲು ದಪ್ಪ ಮರಳು ಅಥವಾ ಪರ್ಲೈಟ್ ಅನ್ನುವ ಹಗುರ ಬಿಳಿ ಹರಳು ಸಾಕು. ಕುಂಡದ ತಳದ ತೂತಿಗೆ ಕಡ್ಡಿ ಹಾಕಿ ನೋಡಿ, ಮುಚ್ಚಿಕೊಂಡಿದ್ದರೆ ಬಿಡಿಸಿ. ಕೆಳಗಿಟ್ಟ ತಟ್ಟೆಯಲ್ಲಿ ನೀರು ನಿಂತರೆ ಅರ್ಧ ಗಂಟೆಯೊಳಗೆ ಚೆಲ್ಲಿಬಿಡಿ.

ನರ್ಸರಿಯಿಂದ ತಂದ ಗಿಡದಲ್ಲಿ ಇದಕ್ಕೆ ತದ್ವಿರುದ್ಧದ ತೊಂದರೆಯೂ ಇರುತ್ತದೆ. ಗಟ್ಟಿ ಕೆಂಪು ಮಣ್ಣಿನ ಉಂಡೆಯನ್ನು ಹಾಗೇ ಕೋಕೋಪೀಟಿನ ನಡುವೆ ಕೂರಿಸಿದರೆ, ಹಾಕಿದ ನೀರು ಉಂಡೆಯ ಪಕ್ಕದಿಂದ ಇಳಿದುಹೋಗುತ್ತದೆ. ಸುತ್ತಲೂ ಒದ್ದೆ, ನಡುವೆ ಇಟ್ಟಿಗೆಯಂತೆ ಒಣಗಿದ ಮಣ್ಣು. ನೆಡುವ ಮೊದಲು ಉಂಡೆಯನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹೊರಗಿನ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ.

ಇನ್ನು ಎಲೆಗೆ ಬರೋಣ. ಸಾರಜನಕ, ರಂಜಕ, ಪೊಟ್ಯಾಶ್, ಮೆಗ್ನೀಷಿಯಂ ಇವು ಗಿಡದೊಳಗೆ ಓಡಾಡುವ ಪೋಷಕಗಳು. ಕೊರತೆ ಬಂದಾಗ ಗಿಡ ಹಳೆಯ ಎಲೆಯಿಂದ ಇವನ್ನು ಹಿಂದಕ್ಕೆ ಪಡೆದು ಚಿಗುರಿಗೆ ಕೊಡುತ್ತದೆ; ತಾಯಿ ತನ್ನ ತಟ್ಟೆಯ ತುತ್ತನ್ನು ಮಗುವಿಗೆ ಎತ್ತಿಕೊಟ್ಟ ಹಾಗೆ. ಹಾಗಾಗಿ ಇವುಗಳ ಕೊರತೆ ಮೊದಲು ಕೆಳಗಿನ ಎಲೆಯಲ್ಲಿ ಕಾಣುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಹಾಗಲ್ಲ. ಒಮ್ಮೆ ಒಂದು ಎಲೆ ಸೇರಿದರೆ ಅಲ್ಲಿಂದ ಏಳುವುದಿಲ್ಲ. ಇವುಗಳ ಕೊರತೆ ಕಾಣುವುದು ಚಿಗುರಿನಲ್ಲಿ.

ಕೆಳಗಿನ ಎಲೆ ನರದ ಸಮೇತ ಒಂದೇ ಸಮ ಪೇಲವವಾಗಿದ್ದರೆ ಸಾರಜನಕ ಬೇಕು. 100 ಗ್ರಾಂ ಶೇಂಗಾ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ಹಾಕಿ. ಫ್ಲ್ಯಾಟಿನಲ್ಲಿ ಆ ವಾಸನೆ ಸಹಿಸಲಾಗದಿದ್ದರೆ, ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ಸಮನಾಗಿರುವ 19:19:19 ಅನ್ನುವ ನೀರಲ್ಲಿ ಕರಗುವ ಗೊಬ್ಬರವನ್ನು ಲೀಟರಿಗೆ 2 ಗ್ರಾಂನಂತೆ ಹದಿನೈದು ದಿನಕ್ಕೊಮ್ಮೆ ಕೊಡಬಹುದು. ಹಳೆಯ ಎಲೆಯಲ್ಲಿ ನರ ಹಸಿರಾಗಿದ್ದು ನರಗಳ ನಡುವೆ ಮಾತ್ರ ಹಳದಿಯಾಗಿದ್ದರೆ ಮೆಗ್ನೀಷಿಯಂ ಕೊರತೆ. ಎಪ್ಸಮ್ ಉಪ್ಪು, ಅಂದರೆ ಮೆಗ್ನೀಷಿಯಂ ಸಲ್ಫೇಟ್, 5 ಗ್ರಾಂ, ಅಂದರೆ ಒಂದು ಚಹಾ ಚಮಚ, ಒಂದು ಲೀಟರ್ ನೀರಿಗೆ ಬೆರೆಸಿ ಎಲೆಗೆ ಸಿಂಪಡಿಸಿ. ಹದಿನೈದು ದಿನದ ನಂತರ ಇನ್ನೊಮ್ಮೆ.

ಹಸಿರು ನರ, ನಡುವೆ ಹಳದಿ: ಇದೇ ಚಿತ್ರ ತುದಿಯ ಚಿಗುರಿನಲ್ಲಿ ಕಂಡರೆ ಅದು ಕಬ್ಬಿಣ. ಕರಿಬೇವಿಗೆ ಹೆಚ್ಚಾಗಿ ಬರುವುದು ಇದೇ. ಆದರೆ ಮಣ್ಣಿನಲ್ಲಿ ಕಬ್ಬಿಣವೇ ಇಲ್ಲ ಅಂತಲ್ಲ, ಗಿಡಕ್ಕೆ ಎಟುಕುತ್ತಿಲ್ಲ. ಬೋರ್ ನೀರು, ಟ್ಯಾಂಕರ್ ನೀರು ಗಡಸಾಗಿದ್ದರೆ ದಿನ ಕಳೆದಂತೆ ಮಣ್ಣಿನ ಕ್ಷಾರ ಏರುತ್ತದೆ, ಕಬ್ಬಿಣ ಕರಗದೆ ಕೂರುತ್ತದೆ. ಮೊಳೆ ಹುಗಿದರೂ ಪ್ರಯೋಜನವಿಲ್ಲದಿರುವುದು ಇದಕ್ಕೇ: ಆ ತುಕ್ಕೂ ಕರಗುವುದಿಲ್ಲ. ಫೆರಸ್ ಸಲ್ಫೇಟ್ ಅನ್ನುವ ಕಬ್ಬಿಣದ ಲವಣ 5 ಗ್ರಾಂ, ಸಿಟ್ರಿಕ್ ಆಮ್ಲ 1 ಗ್ರಾಂ, ನೀರು ಒಂದು ಲೀಟರ್. ಸಂಜೆ ಚಿಗುರಿಗೆ ಸಿಂಪಡಿಸಿ, ಹತ್ತು ದಿನಕ್ಕೊಮ್ಮೆ, ಮೂರು ಸಲ. ಮೊದಲು ಸಿಟ್ರಿಕ್ ಆಮ್ಲ ಕರಗಿಸಿ, ಆಮೇಲೆ ಫೆರಸ್ ಸಲ್ಫೇಟ್ ಹಾಕಿ. ದ್ರಾವಣ ಕೆಂಪಾಗಿ ತಿರುಗಿದರೆ ಕೆಟ್ಟಿದೆ ಅಂತ ಅರ್ಥ, ಚೆಲ್ಲಿಬಿಡಿ. ಮಾರ್ಬಲ್ ನೆಲಕ್ಕೆ ತಾಗಿದರೆ ಕಲೆ ಹೋಗುವುದಿಲ್ಲ, ಕೆಳಗೆ ಹಳೆ ಪೇಪರ್ ಹಾಸಿಕೊಳ್ಳಿ.

ಮಳೆಗಾಲದಲ್ಲಿ ಮಾತ್ರ ಇದಕ್ಕೂ ಕೈ ಹಾಕುವ ಮೊದಲು ಮತ್ತೆ ಮಣ್ಣಿಗೆ ಬೆರಳಿಡಿ. ನೀರು ತುಂಬಿದ ಮಣ್ಣಿನಲ್ಲಿ ಬೇರು ಕೆಲಸ ಮಾಡದೆಯೂ ಚಿಗುರು ಹೀಗೇ ಹಳದಿಯಾಗುತ್ತದೆ. ಆಗ ಕುಂಡವನ್ನು ಮಳೆ ಬೀಳದ ಕಡೆ ಸರಿಸಿ ಒಣಗಲು ಬಿಡುವುದೇ ಮದ್ದು. ಒದ್ದೆ ಮಣ್ಣಿಗೆ ಸುರಿದ ಮಜ್ಜಿಗೆ, ಹಾಲು ಸಕ್ಕರೆಯ ಚಹಾ ಚರಟ ಕೊಳೆತು ಸಣ್ಣ ಕಪ್ಪು ನೊಣಗಳನ್ನು ಮನೆ ತುಂಬ ಎಬ್ಬಿಸುತ್ತವೆ, ಅಷ್ಟೆ. ಪುಣೆಯ ಕೇಳುಗರು ಒಂದು ಮಾತು ಗಮನಿಸಿ: ಡಿಸೆಂಬರ್, ಜನವರಿಯ ನಿಮ್ಮ ಚಳಿಗೆ ಕರಿಬೇವು ಬೆಳವಣಿಗೆ ನಿಲ್ಲಿಸಿ ಒಂದಷ್ಟು ಎಲೆ ಉದುರಿಸುತ್ತದೆ. ಅದು ರೋಗವಲ್ಲ. ನೀರು ಕಡಿಮೆ ಮಾಡಿ ಫೆಬ್ರವರಿಯವರೆಗೆ ಕಾಯಿರಿ, ಗೊಬ್ಬರ ಹಾಕಬೇಡಿ.

ಎಲೆಯ ತುದಿ, ಅಂಚು ಸುಟ್ಟಂತೆ ಕಂದಾಗಿ, ಕುಂಡದ ಬಾಯಿಗೆ ಬಿಳಿ ಹೊಪ್ಪಳೆ ಕಟ್ಟಿದೆಯೆ? ಅಡುಗೆಮನೆಯಲ್ಲಿ ನೀರು ಶುದ್ಧ ಮಾಡುವ ಆರ್‌ಓ ಯಂತ್ರ ಹೊರಹಾಕುವ ನೀರನ್ನು ಗಿಡಕ್ಕೆ ಹಾಕುತ್ತಿದ್ದೀರಾ ನೋಡಿ. ನೀರು ಪೋಲಾಗಬಾರದು ಅನ್ನುವ ಕಾಳಜಿ ದೊಡ್ಡದೇ. ಆದರೆ ಯಂತ್ರ ತೆಗೆದ ಉಪ್ಪೆಲ್ಲ ಆ ನೀರಿನಲ್ಲೇ ಇರುತ್ತದೆ. ಅದನ್ನು ನೆಲ ಒರೆಸಲು ಬಳಸಿ. ಹತ್ತು ಅಂಗುಲದ ಕುಂಡದಲ್ಲಿ ಸುಮಾರು 8 ಲೀಟರ್ ಮಣ್ಣಿರುತ್ತದೆ. ಅದರ ಎರಡು ಪಟ್ಟು, ಅಂದರೆ 16 ಲೀಟರ್‌ನಷ್ಟು ನಲ್ಲಿಯ ನೀರನ್ನು ನಾಲ್ಕೈದು ಕಂತಿನಲ್ಲಿ ಹಾಕಿ, ಸೇರಿದ ಉಪ್ಪು ತೊಳೆದುಕೊಂಡು ಕೆಳಗಿನಿಂದ ಪೂರ್ತಿ ಹರಿದುಹೋಗಲು ಬಿಡಿ. ಬಾಲ್ಕನಿಯಲ್ಲಿ ಮಾಡಿದರೆ ಕೆಳಗಿನ ಮನೆಯವರ ಒಣಗಿದ ಬಟ್ಟೆಗೆ ಕೆಸರು ನೀರು ಬೀಳುತ್ತದೆ. ಬಾತ್‌ರೂಮಿನಲ್ಲಿ ಮಾಡಿ.

ಹುಳುವಿನ ವಿಷಯಕ್ಕೆ ಮೆಣಸಿನಕಾಯಿ ಗಿಡಕ್ಕಿಂತ ಒಳ್ಳೆಯ ಪಾಠವಿಲ್ಲ. ಊರಲ್ಲಿ ಮುಟುರು ರೋಗ ಅನ್ನುತ್ತೇವಲ್ಲ, ಎಲೆ ಮುದುಡುವುದು, ಅದರಲ್ಲಿ ಎರಡು ಬಗೆ ಇದೆ. ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯ ಆಕಾರವಾದರೆ ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಕೀಟ. ಅಂಚು ಕೆಳಕ್ಕೆ ಮಡಚಿ ಮಗುಚಿದ ದೋಣಿಯಂತಾಗಿ, ತೊಟ್ಟು ಉದ್ದವಾಗಿ ಎಲೆ ಕಿರಿದಾದರೆ ಹಳದಿ ನುಸಿ. ಬಿಳಿ ಹಾಳೆಯ ಮೇಲೆ ಚಿಗುರನ್ನು ಮೂರು ಸಲ ತಟ್ಟಿ, ಅರ್ಧ ನಿಮಿಷ ಕಾದು ನೋಡಿ. ಚಿಕ್ಕ ಗೀಟಿನಂಥ ಹಳದಿ ಅಥವಾ ಕಪ್ಪು ಹುಳು ಸರಸರ ಓಡಿದರೆ ಅದು ಥ್ರಿಪ್ಸ್. ಹಳದಿ ನುಸಿ ಬರಿಗಣ್ಣಿಗೆ ಕಾಣದು. ಇನ್ನೊಂದು ಜಾತಿ, ಬಲೆ ಹೆಣೆಯುವ ಕೆಂಪು ನುಸಿ, ಚುಕ್ಕೆಯಂತೆ ನಿಧಾನ ಹರಿದಾಡುತ್ತದೆ. ಬೇಸಿಗೆಯ ಒಣ ಹವೆಯಲ್ಲಿ, ಎಸಿ ಕೋಣೆಯಲ್ಲಿ ಇದರ ಕಾಟ ಜಾಸ್ತಿ. ಎಲೆಯ ಮೇಲೆ ಸೂಜಿಯಿಂದ ಚುಚ್ಚಿದಂಥ ಬಿಳಿ ಚುಕ್ಕೆಗಳು ಇದರ ಗುರುತು.

ಈ ವ್ಯತ್ಯಾಸ ಯಾಕೆ ಮುಖ್ಯ? ನುಸಿ ಕೀಟವಲ್ಲ, ಜೇಡದ ಬಳಗ. ಕೀಟಕ್ಕೆಂದು ಮಾರುವ ಇಮಿಡಾಕ್ಲೋಪ್ರಿಡ್‌ನಂಥ ಔಷಧಿಯಿಂದ ನುಸಿ ಸಾಯದು, ಎಷ್ಟೋ ಸಲ ಇನ್ನೂ ಹೆಚ್ಚುತ್ತದೆ. ಅಲ್ಲದೆ ಅದು ಗಿಡದ ಮೈಯೊಳಗೆ ಸೇರುವ ವಿಷ. ನಾಳೆ ಒಗ್ಗರಣೆಗೆ ಕೀಳುವ ಗಿಡಕ್ಕೆ ಅದನ್ನು ಖಂಡಿತ ಹಾಕಬೇಡಿ.

ಮನೆಯ ಗಿಡಕ್ಕೆ ಬೇವಿನ ಎಣ್ಣೆ ಸಾಕು. 5 ಮಿಲಿ ಎಣ್ಣೆಗೆ 1ರಿಂದ 2 ಮಿಲಿ ದ್ರವ ಸೋಪು ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಒಂದು ಲೀಟರ್ ಉಗುರು ಬೆಚ್ಚಗಿನ ನೀರಿಗೆ ಬೆರೆಸಿ. ನೇರ ನೀರಿಗೇ ಎಣ್ಣೆ ಹಾಕಿದರೆ ಮೇಲೆ ತೇಲುತ್ತದೆ, ಎಲೆಯ ಮೇಲೆ ಎಣ್ಣೆ ಕೂತ ಜಾಗವೆಲ್ಲ ಸುಡುತ್ತದೆ. ಮೊದಲು ನೀರಿನ ರಭಸಕ್ಕೆ ಎಲೆಯ ಹಿಂಬದಿಯನ್ನು ತೊಳೆದು, ಸಂಜೆ ಹಿಂಬದಿಗೇ ಸಿಂಪಡಿಸಿ. ಐದಾರು ದಿನಕ್ಕೊಮ್ಮೆ, ಮೂರು ಸಲ ಆಗಲೇಬೇಕು, ಯಾಕೆಂದರೆ ಮೊದಲ ಸಲ ಉಳಿದ ಮೊಟ್ಟೆಗಳು ಆಮೇಲೆ ಒಡೆಯುತ್ತವೆ. ಒಂದೇ ಸಲ ಹೊಡೆದು ಬೇವಿನ ಎಣ್ಣೆ ಕೆಲಸಕ್ಕೆ ಬರಲ್ಲ ಅನ್ನುವವರೇ ಬಹಳ. ನುಸಿಯಿಂದ ಮಗುಚಿದ ದೋಣಿಯಂತೆ ಮುದುಡಿದ ಚಿಗುರಿನ ತುದಿಗಳನ್ನು ಮಾತ್ರ ಮೂರು ಅಂಗುಲ ಕತ್ತರಿಸಿ ತೆಗೆಯಿರಿ.

ತುಳಸಿ ಒಣಗಿದರೆ ಮನೆಯ ಹಿರಿಯರ ಮನಸ್ಸು ಮುದುಡುತ್ತದೆ, ಆದ್ದರಿಂದ ಅದರ ಮಾತೂ ಆಡಬೇಕು. ಎಲೆ ಸುರುಳಿಯಾಗಿ ಒಣಗಿ, ಹಿಂಬದಿಯಲ್ಲಿ ಕಪ್ಪು ಕಾಳಿನಂಥ ಹಿಕ್ಕೆ ಕಂಡರೆ ಅದು ತುಳಸಿಯ ರಸ ಹೀರುವ ಸಣ್ಣ ತಿಗಣೆ. ಮದ್ದು ಅದೇ ಬೇವಿನ ಎಣ್ಣೆ. ಹುಳುವಿಲ್ಲದೆ ಎಲೆ ಸಣ್ಣದಾಗುತ್ತ ಬಂದರೆ ಮಂಜರಿ ಬಲಿತಿದೆ ಅಂತ. ಬೀಜ ಕಟ್ಟುವ ಮೊದಲೇ ಚಿವುಟುತ್ತಿರಿ. ಪೂಜೆಯ ಹಾಲು, ಅರಿಶಿನ ಕುಂಕುಮ ಕುಂಡದ ಹೊರಮೈಗಿರಲಿ, ಬುಡಕ್ಕೆ ಶುದ್ಧ ನೀರಷ್ಟೇ ಸಾಕು.

ಬೆಳಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮುಂಬಯಿ ಇರುವುದು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ನಡುವಿನಿಂದ ಜುಲೈ ಕೊನೆಯವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ವಾಲಿರುತ್ತಾನೆ. ಚಳಿಗಾಲವಿಡೀ ಬಿಸಿಲುಂಡ ದಕ್ಷಿಣದ ಕಿಟಕಿಗೆ ಆಗ ನೇರ ಬಿಸಿಲೇ ಇಲ್ಲ. ಕಾಂಡದ ಗೆಣ್ಣುಗಳ ಅಂತರ ಉದ್ದವಾಗಿ, ಒಳಗಿನ ಎಲೆ ಹಳದಿಯಾಗಿ ಉದುರಿದರೆ ಗೊಬ್ಬರ ಬೇಡ, ಗಿಡದ ಜಾಗ ಬದಲಿಸಿ.

ಯಾವ ಉಪಚಾರ ಮಾಡಿದರೂ ಒಂದು ಸಲಕ್ಕೆ ಒಂದೇ. ತುದಿಯ ಎಲೆಯ ಕೆಳಗೆ ಬಣ್ಣದ ದಾರ ಸಡಿಲವಾಗಿ ಕಟ್ಟಿ, ಹದಿನೈದು ದಿನ ಬಿಡಿ. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಅದನ್ನು ನೋಡಿ ಬೇಸರಪಡಬೇಡಿ. ದಾರದ ಮೇಲೆ ಬಂದ ಹೊಸ ಎಲೆ ಹಸಿರಾಗಿದ್ದರೆ ಹಿಡಿದ ದಾರಿ ಸರಿ. ಅದೂ ಹಳದಿಯಾದರೆ ಗಿಡವನ್ನು ಮತ್ತೆ ಕುಂಡದಿಂದ ಜಾರಿಸಿ ಬೇರು ನೋಡಿ.

ನಮಸ್ಕಾರ.